ವರ್ಚುವಲ್ ಮಷಿನ್‌ಗಳ ಹ್ಯೂಜ್ ಪೇಜ್‌ಗಳಲ್ಲಿ ಮೆಮೊರಿ ಕೆಟ್ಟಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಒಂದು ಸಣ್ಣ ಸರ್ವರ್ ಕೋಣೆಯನ್ನು ನಾವು ನೋಡಿಕೊಳ್ಳುತ್ತೇವೆ. ಧಾರವಾಡದ ಕಾಲೇಜು ಲ್ಯಾಬ್‌ಗಳು, ಗದಗಿನ ಮುದ್ರಣಾಲಯಗಳು, ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಗಳು ಇಟ್ಟುಕೊಂಡಿರುವ ಸರ್ವರ್‌ಗಳ ಬಗ್ಗೆಯೂ ನಮಗೆ ಕರೆಗಳು ಬರುತ್ತವೆ. ಕೇಳುವ ಮಾತು ಬೇರೆ ಬೇರೆಯಾದರೂ ತಿರುಳು ಬಹುತೇಕ ಒಂದೇ: ಮೆಮೊರಿಯ ಒಂದು ಚೂರು ಕೆಟ್ಟದ್ದಕ್ಕೆ ಇಡೀ ವರ್ಚುವಲ್ ಮಷಿನ್ (ಒಂದು ಯಂತ್ರದೊಳಗೆ ತಂತ್ರಾಂಶದಿಂದ ನಡೆಸುವ ಇನ್ನೊಂದು ಯಂತ್ರ) ಏಕೆ ಬಿತ್ತು? ಪ್ರತಿ ಸಲ ಫೋನಿನಲ್ಲಿ ಮೊದಲಿನಿಂದ ಹೇಳುವುದರ ಬದಲು ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇವೆ. ಇಲ್ಲಿರುವುದೆಲ್ಲ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್‌ಗಳ ಮೇಲೆ ಲಿನಕ್ಸ್ ಕರ್ನೆಲ್, ಕೆವಿಎಂ ಮತ್ತು ಕ್ಯೂಎಮು ನಡೆಸುವವರಿಗೆ ಸಂಬಂಧಿಸಿದ್ದು. ಕರ್ನೆಲ್ ಎಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು; ಕೆವಿಎಂ ವರ್ಚುವಲ್ ಮಷಿನ್ ನಡೆಸಲು ಅದರಲ್ಲಿರುವ ಭಾಗ, ಕ್ಯೂಎಮು ಪ್ರತಿ ವರ್ಚುವಲ್ ಮಷಿನ್ ಅನ್ನು ನಡೆಸುವ ಪ್ರೋಗ್ರಾಂ. ನಿಜವಾದ ಯಂತ್ರಕ್ಕೆ ಹೋಸ್ಟ್ ಎಂದೂ ಅದರ ಮೇಲಿನ ವರ್ಚುವಲ್ ಮಷಿನ್‌ಗೆ ಗೆಸ್ಟ್ ಎಂದೂ ಹೇಳುತ್ತೇವೆ.

ಮೆಮೊರಿ ಕೆಡುವುದು ಎಂದರೆ ನಿಜವಾಗಿ ಏನಾಗುತ್ತದೆ?

ರ‍್ಯಾಮ್‌ನ ಪ್ರತಿಯೊಂದು ಬಿಟ್ ಒಂದು ಅತಿ ಸಣ್ಣ ವಿದ್ಯುತ್ ಸಂಗ್ರಹ. ಅದು ಸೋರಿ ಹೋಗಬಹುದು, ವಿಕಿರಣದ ಕಣವೊಂದು ತಾಗಿ ತಿರುವಿ ಬೀಳಬಹುದು, ಅಥವಾ ಚಿಪ್ಪಿನ ಆ ಸಾಲೇ ಸವೆದು ಶಾಶ್ವತವಾಗಿ ಹಾಳಾಗಬಹುದು. ಸರ್ವರ್‌ಗಳಲ್ಲಿ ಹಾಕುವ ಇಸಿಸಿ ಮೆಮೊರಿ 64 ಬಿಟ್ ಮಾಹಿತಿಗೆ 8 ಬಿಟ್ ತಪಾಸಣೆ ಬಿಟ್‌ಗಳನ್ನು ಜೊತೆಗಿಟ್ಟುಕೊಂಡು, ಒಂದು ಬಿಟ್ ತಪ್ಪಿದರೆ ತಾನೇ ತಿದ್ದುತ್ತದೆ. ಎರಡು ತಪ್ಪಿದರೆ ತಪ್ಪಿದೆ ಎಂದು ಹೇಳಬಲ್ಲದೇ ಹೊರತು ತಿದ್ದಲಾರದು. ದೊಡ್ಡ ಸರ್ವರ್‌ಗಳಲ್ಲಿ ಒಂದಿಡೀ ಚಿಪ್ ಕೈಕೊಟ್ಟರೂ ತಾಳಿಕೊಳ್ಳುವ ಇನ್ನೂ ಗಟ್ಟಿಯಾದ ವ್ಯವಸ್ಥೆಗಳಿವೆ. ತಿದ್ದಿಕೊಂಡ ದೋಷ ಎಚ್ಚರಿಕೆ ಮಾತ್ರ, ಕೆಲಸ ನಿಲ್ಲುವುದಿಲ್ಲ. ತಿದ್ದಲಾಗದ ದೋಷ ಸಿಕ್ಕಾಗ ಪ್ರೊಸೆಸರ್ ಮಷಿನ್ ಚೆಕ್ ಎಂಬ ಸಂಕೇತವನ್ನು ಎತ್ತುತ್ತದೆ, ಮತ್ತು ಈ ಪುಟದ ವಿಷಯ ಅಲ್ಲಿಂದಲೇ ಶುರುವಾಗುತ್ತದೆ. ಯಾರೂ ಮುಟ್ಟದ ಜಾಗದ ದೋಷವನ್ನೂ ಮೆಮೊರಿ ನಿಯಂತ್ರಕ ತನ್ನ ಗಸ್ತಿನಲ್ಲಿ ಮೊದಲೇ ಪತ್ತೆ ಮಾಡುವುದುಂಟು. ಆ ಸಂದರ್ಭದಲ್ಲಿ ಕರ್ನೆಲ್‌ಗೆ ಸ್ವಲ್ಪ ಪುರಸೊತ್ತು ಸಿಗುತ್ತದೆ.

ಇಸಿಸಿ ಇಲ್ಲದ ಮೆಮೊರಿಯಲ್ಲಿ ಇದ್ಯಾವುದೂ ಇಲ್ಲ. ಲೆಕ್ಕ ತಪ್ಪುತ್ತದೆ, ಯಾರಿಗೂ ತಿಳಿಯುವುದಿಲ್ಲ. ಹಳೆಯ ಡೆಸ್ಕ್‌ಟಾಪ್ ಒಂದನ್ನು ಸರ್ವರ್ ಎಂದು ಮೂಲೆಯಲ್ಲಿ ಕೂರಿಸಿ ಅದರ ಮೇಲೆ ಐದು ವರ್ಚುವಲ್ ಮಷಿನ್ ನಡೆಸುವವರು ಈ ಪುಟವನ್ನು ಓದುವ ಮೊದಲು ಆ ಯಂತ್ರವನ್ನು ಬದಲಿಸುವುದು ಒಳ್ಳೆಯದು.

ಹ್ಯೂಜ್ ಪೇಜ್ ಎಂದರೇನು? ಅದಿಲ್ಲದೆ ನಡೆಯುವುದಿಲ್ಲವೇ?

ಕರ್ನೆಲ್ ಮೆಮೊರಿಯನ್ನು ಪೇಜ್ ಎಂಬ ತುಂಡುಗಳಲ್ಲಿ ಹಂಚಿ, ಪ್ರತಿ ಪೇಜ್ ಎಲ್ಲಿದೆ ಎಂಬುದನ್ನು ಪೇಜ್ ಟೇಬಲ್ ಎಂಬ ಪಟ್ಟಿಯಲ್ಲಿ ನಮೂದಿಸುತ್ತದೆ. ಎಕ್ಸ್86 (ಇಂಟೆಲ್, ಎಎಂಡಿ) ಯಂತ್ರದಲ್ಲಿ ಮೆಮೊರಿಯ ಸಾಮಾನ್ಯ ಪೇಜ್ 4 ಕೆಬಿ. ಅದರ ಮೇಲೆ 2 ಎಂಬಿ ಮತ್ತು 1 ಜಿಬಿ ಅಳತೆಯ ದೊಡ್ಡ ಪೇಜ್‌ಗಳಿವೆ. ಒಂದು 2 ಎಂಬಿ ಪೇಜ್‌ನಲ್ಲಿ 512 ಸಣ್ಣ ಪೇಜ್‌ಗಳು ಹಿಡಿಯುತ್ತವೆ, ಒಂದು 1 ಜಿಬಿ ಪೇಜ್‌ನಲ್ಲಿ 2,62,144. ಒಂದು ವರ್ಚುವಲ್ ಮಷಿನ್‌ಗೆ 64 ಜಿಬಿ ಕೊಟ್ಟಿದ್ದರೆ, ಸಣ್ಣ ಪೇಜ್‌ಗಳ ಲೆಕ್ಕದಲ್ಲಿ ಕರ್ನೆಲ್ ಒಂದೂವರೆ ಕೋಟಿಗೂ ಹೆಚ್ಚು ನಮೂದುಗಳನ್ನು ಇಟ್ಟುಕೊಳ್ಳಬೇಕು. 1 ಜಿಬಿ ಪೇಜ್‌ಗಳಾದರೆ 64 ನಮೂದುಗಳು ಸಾಕು.

ವರ್ಚುವಲ್ ಮಷಿನ್‌ನಲ್ಲಿ ಈ ವ್ಯತ್ಯಾಸ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ, ಏಕೆಂದರೆ ಅಲ್ಲಿ ವಿಳಾಸವನ್ನು ಎರಡು ಸಲ ಹುಡುಕಬೇಕಾಗುತ್ತದೆ. ಗೆಸ್ಟ್ ತನ್ನ ಪಟ್ಟಿಯಲ್ಲಿ ಹುಡುಕುವ ಪ್ರತಿಯೊಂದು ಹೆಜ್ಜೆಯನ್ನೂ ಹೋಸ್ಟ್‌ನ ಪಟ್ಟಿಯಲ್ಲಿ ಮತ್ತೆ ಹುಡುಕಬೇಕಾದುದರಿಂದ, ಎರಡೂ ಕಡೆ ನಾಲ್ಕು ಹಂತದ ಪಟ್ಟಿಗಳಿದ್ದಾಗ ಒಂದೇ ಒಂದು ವಿಳಾಸಕ್ಕಾಗಿ ಕೆಟ್ಟ ಪಕ್ಷದಲ್ಲಿ 24 ಸಲ ಮೆಮೊರಿಗೆ ಹೋಗಿಬರಬೇಕು. ಪೇಜ್ ದೊಡ್ಡದಾದಷ್ಟೂ ಹಂತಗಳು ಕಡಿಮೆಯಾಗುತ್ತವೆ, ಹುಡುಕಿದ ವಿಳಾಸಗಳನ್ನು ನೆನಪಿಟ್ಟುಕೊಳ್ಳುವ ಪ್ರೊಸೆಸರ್‌ನ ಟಿಎಲ್‌ಬಿಯಲ್ಲಿನ ಒಂದು ನಮೂದು ಹೆಚ್ಚು ಜಾಗವನ್ನು ಆವರಿಸುತ್ತದೆ. ಡೇಟಾಬೇಸ್‌ನಂಥ ಕೆಲಸಕ್ಕೆ ಲಾಭ ಕಣ್ಣಿಗೆ ಕಾಣುವಷ್ಟಿರುತ್ತದೆ. ಬಿಲ್ ಮುದ್ರಿಸುವ ಯಂತ್ರಕ್ಕೆ ಯಾರಿಗೂ ಗೊತ್ತಾಗುವುದಿಲ್ಲ.

ಕೆಟ್ಟದ್ದು 64 ಬೈಟ್ ಇರಬಹುದು. ಹೋದದ್ದು 1 ಜಿಬಿ. ಇದು ಯಾವ ನ್ಯಾಯ?

ನಮ್ಮ ಭಾಗದ ಹೊಲದ ಲೆಕ್ಕದಲ್ಲಿ ಹೇಳುವುದಾದರೆ ಇದು ಪೋಡಿ ಆಗದ ಸರ್ವೆ ನಂಬರಿನ ಪಾಡು. ಎಂಟು ಎಕರೆಯ ಒಂದು ಸರ್ವೆ ನಂಬರಿನಲ್ಲಿ ಅರ್ಧ ಗುಂಟೆಯ ಮೇಲೆ ತಕರಾರು ಬಿದ್ದರೂ, ಪಹಣಿ ಒಂದೇ ಆಗಿರುವ ಕಾರಣ ಎಂಟೂ ಎಕರೆಯ ವ್ಯವಹಾರ ನಿಂತುಹೋಗುತ್ತದೆ. ಹ್ಯೂಜ್ ಪೇಜ್‌ಗೆ ಪೇಜ್ ಟೇಬಲ್‌ನಲ್ಲಿ ಇರುವುದು ಒಂದೇ ನಮೂದು. ಕೆಟ್ಟ ಚೂರನ್ನು ಯಾರೂ ಮುಟ್ಟದಂತೆ ತಡೆಯಬೇಕಾದರೆ ಕರ್ನೆಲ್ ಆ ನಮೂದನ್ನೇ ತೆಗೆದುಹಾಕಬೇಕು. ಅರ್ಧ ನಮೂದನ್ನು ತೆಗೆಯುವ ವಿಧಾನ ಪ್ರೊಸೆಸರ್‌ನಲ್ಲಿ ಇಲ್ಲ. ನಮೂದು ಹೋದೊಡನೆ ಅದರಡಿಯ 1 ಜಿಬಿ ಪೂರ್ತಿ, ಅಂದರೆ ಚೆನ್ನಾಗಿರುವ 2,62,143 ಸಣ್ಣ ಪೇಜ್‌ಗಳೂ ಸೇರಿ, ಗೆಸ್ಟ್‌ನ ಕೈತಪ್ಪುತ್ತದೆ.

ಪೋಡಿ ಮಾಡಿಸಬಹುದಲ್ಲ ಎಂದು ಯಾರಾದರೂ ಕೇಳಿಯಾರು. ಹ್ಯೂಜ್‌ಟಿಎಲ್‌ಬಿ ಎಂಬ ಮುಂಗಡ ಕಾದಿರಿಸಿದ ಕೊಳದಿಂದ ಪಡೆದ ಪೇಜ್‌ಗಳನ್ನು ಬಳಕೆಯಲ್ಲಿರುವಾಗ ಸಣ್ಣ ಸಣ್ಣ ನಮೂದುಗಳಾಗಿ ಒಡೆದು ತೋರಿಸುವ ಸೌಲಭ್ಯವನ್ನು 2022–23ರ ಸುಮಾರಿಗೆ ಕರ್ನೆಲ್ ಅಭಿವೃದ್ಧಿಗಾರರ ಮುಂದೆ ಇಡಲಾಗಿತ್ತು. ಹ್ಯೂಜ್‌ಟಿಎಲ್‌ಬಿಯ ಕೋಡ್ ಮೊದಲೇ ಸಿಕ್ಕುಸಿಕ್ಕಾಗಿರುವಾಗ ಇನ್ನೊಂದು ಗಂಟು ಬೇಡವೆಂಬ ಆಕ್ಷೇಪ ಬಂದು ಅದು ಒಳಗೆ ಸೇರಲಿಲ್ಲ. ಆಕ್ಷೇಪದಲ್ಲಿ ಹುರುಳಿತ್ತೆಂದೇ ನಮಗೂ ಅನಿಸುತ್ತದೆ; ಆದರೆ ಅದರ ಬೆಲೆಯನ್ನು ತೆರುತ್ತಿರುವವರು ನಮ್ಮಂಥವರು.

ದೋಷ ಸಿಕ್ಕ ಕ್ಷಣದಿಂದ ಗೆಸ್ಟ್‌ಗೆ ಸುದ್ದಿ ಮುಟ್ಟುವವರೆಗೆ ಏನೇನು ನಡೆಯುತ್ತದೆ?

ಪ್ರೊಸೆಸರ್ ಮಷಿನ್ ಚೆಕ್ ಎತ್ತಿ ಕೆಟ್ಟ ಭೌತಿಕ ವಿಳಾಸವನ್ನು ತಿಳಿಸುತ್ತದೆ. 2009ರ 2.6.32 ಆವೃತ್ತಿಯಲ್ಲಿ ಕರ್ನೆಲ್‌ಗೆ ಸೇರಿದ ಎಚ್‌ಡಬ್ಲ್ಯೂಪಾಯ್ಸನ್ ವ್ಯವಸ್ಥೆ ಆ ಪೇಜ್‌ಗೆ ವಿಷದ ಗುರುತು ಹಚ್ಚಿ, ಯಾವ ಯಾವ ಪ್ರಕ್ರಿಯೆಗಳು ಅದನ್ನು ಬಳಸುತ್ತಿವೆ ಎಂದು ಹಿಮ್ಮುಖವಾಗಿ ಹುಡುಕಿ, ಅವುಗಳ ಪೇಜ್ ಟೇಬಲ್‌ಗಳಿಂದ ನಮೂದನ್ನು ಕೀಳುತ್ತದೆ. ಕೆವಿಎಂ ಕಟ್ಟಿದ ಎರಡನೆಯ ಹಂತದ ಪಟ್ಟಿಯಿಂದಲೂ ಅದೇ ವೇಳೆಗೆ ನಮೂದು ಹೋಗುತ್ತದೆ. ಆಮೇಲೆ ಕ್ಯೂಎಮು ಪ್ರಕ್ರಿಯೆಗೆ, ನಿನ್ನ ಮೆಮೊರಿ ಕೆಟ್ಟಿದೆ ಎಂದು ತಿಳಿಸುವ ಸಿಗ್‌ಬಸ್ ಸಂಕೇತ ಹೋಗುತ್ತದೆ.

ಆ ಸಂಕೇತದಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ತುರ್ತು ಎಷ್ಟು ಎಂಬುದು: ವರ್ಚುವಲ್ ಸಿಪಿಯು ಆ ಜಾಗವನ್ನು ಓದುತ್ತಿರುವಾಗಲೇ ದೋಷ ಸಿಕ್ಕಿದ್ದರೆ ತಕ್ಷಣ ಕ್ರಮ ಬೇಕೆಂಬ ಬಗೆ, ಗಸ್ತಿನಲ್ಲಿ ಸಿಕ್ಕಿದ್ದರೆ ಆದಾಗ ನೋಡಿಕೊಳ್ಳಿ ಎಂಬ ಬಗೆ. ಇನ್ನೊಂದು, ಕೆಟ್ಟ ಜಾಗದ ವಿಸ್ತಾರವನ್ನು ಸೂಚಿಸುವ ಒಂದು ಸಣ್ಣ ಸಂಖ್ಯೆ. ಆ ಸಂಖ್ಯೆ 12 ಆಗಿದ್ದರೆ ಹಾನಿ 4 ಕೆಬಿ, 21 ಆಗಿದ್ದರೆ 2 ಎಂಬಿ, 30 ಆಗಿದ್ದರೆ 1 ಜಿಬಿ. ಕ್ಯೂಎಮು ಹೋಸ್ಟ್‌ನ ವಿಳಾಸವನ್ನು ಗೆಸ್ಟ್‌ನ ಭೌತಿಕ ವಿಳಾಸಕ್ಕೆ ಬದಲಿಸಿ, ಗೆಸ್ಟ್‌ನೊಳಗೆ ಒಂದು ಕೃತಕ ಮಷಿನ್ ಚೆಕ್ ಎತ್ತುತ್ತದೆ. ಗೆಸ್ಟ್ ಕರ್ನೆಲ್ ಅದನ್ನು ನಿಜವಾದ ಯಂತ್ರದ ದೋಷವೆಂದೇ ತಿಳಿದು ತಾನೂ ಇದೇ ಪೂಜೆಯನ್ನು ಮೊದಲಿನಿಂದ ಮಾಡುತ್ತದೆ. ಕೆಟ್ಟ ಪೇಜ್ ಯಾವುದೋ ಅಪ್ಲಿಕೇಶನ್‌ನದಾಗಿದ್ದರೆ ಆ ಅಪ್ಲಿಕೇಶನ್ ಮಾತ್ರ ಸಾಯುತ್ತದೆ. ಗೆಸ್ಟ್ ಕರ್ನೆಲ್‌ನ ಸ್ವಂತದ್ದಾಗಿದ್ದರೆ ಗೆಸ್ಟ್ ಪ್ಯಾನಿಕ್ ಆಗುತ್ತದೆ, ಅಂದರೆ ಪೂರ್ತಿ ನಿಂತುಬಿಡುತ್ತದೆ.

ಹಾಗಿದ್ದರೆ ಅಪ್ಲಿಕೇಶನ್ ಒಂದೇ ಸಾಯಬೇಕಿತ್ತು. ನಮ್ಮ ಗೆಸ್ಟ್ ಏಕೆ ಪೂರ್ತಿ ಬಿತ್ತು?

ಇದಕ್ಕೆ ನಮ್ಮದೇ ಕೋಣೆಯ ಒಂದು ಪ್ರಸಂಗವನ್ನು ಹೇಳಿದರೆ ಸ್ಪಷ್ಟವಾಗುತ್ತದೆ. ಮೆಣಸಿನಕಾಯಿಯ ಸುಗ್ಗಿ ಜೋರಾಗಿದ್ದ ಒಂದು ಮಧ್ಯಾಹ್ನ, ದಲಾಲಿ ಅಂಗಡಿಗಳ ಲೆಕ್ಕಪತ್ರ ಇಟ್ಟಿದ್ದ ವರ್ಚುವಲ್ ಮಷಿನ್ ನಿಂತುಹೋಯಿತು. ಅದಕ್ಕೆ 1 ಜಿಬಿ ಪೇಜ್‌ಗಳನ್ನು ಕೊಟ್ಟವರು ನಾವೇ, ವೇಗದ ಆಸೆಗೆ. ಕ್ಯೂಎಮುವಿನ ಲಾಗ್ ತೆರೆದಾಗ ಗೆಸ್ಟ್ ಎಂಸಿಇ (ಮಷಿನ್ ಚೆಕ್) ಮೆಮೊರಿ ಎರರ್ ಎಂದು ಶುರುವಾಗುವ ಸಾಲು ಒಂದಲ್ಲ, ಹಲವಿದ್ದವು. ಪ್ರತಿ ಸಾಲಿನಲ್ಲೂ ಗೆಸ್ಟ್ ವಿಳಾಸ ಬೇರೆ. ಮೊದಲು ಮೆಮೊರಿ ಮಾಡ್ಯೂಲ್ ಪೂರ್ತಿ ಸತ್ತಿದೆ ಎಂದೇ ತಿಳಿದೆವು. ಕಾಗದದ ಮೇಲೆ ವಿಳಾಸಗಳನ್ನು ಬರೆದು ನೋಡಿದಾಗ ಎಲ್ಲವೂ 7 ಜಿಬಿ ಮತ್ತು 8 ಜಿಬಿ ಗಡಿಗಳ ನಡುವೆಯೇ ಇದ್ದವು. ಹೋಸ್ಟ್‌ನ ಲಾಗ್‌ನಲ್ಲಿ ಯಂತ್ರಾಂಶ ವರದಿ ಮಾಡಿದ ಭೌತಿಕ ವಿಳಾಸ ಮಾತ್ರ ಒಂದೇ ಒಂದು.

ನಡೆದದ್ದು ಇಷ್ಟು. ಮೊದಲ ಮಷಿನ್ ಚೆಕ್ ಬಂದಾಗ ಗೆಸ್ಟ್ ತನ್ನ ಲೆಕ್ಕದಲ್ಲಿ 4 ಕೆಬಿಯನ್ನು ಮಾತ್ರ ಬದಿಗಿಟ್ಟು ಕೆಲಸ ಮುಂದುವರಿಸಿತು. ಉಳಿದ ಪೇಜ್‌ಗಳು ಚೆನ್ನಾಗಿವೆ ಎಂದು ಅದು ನಂಬಿತ್ತು, ಮತ್ತು ಯಂತ್ರಾಂಶದ ಮಟ್ಟಿಗೆ ಅವು ಚೆನ್ನಾಗಿಯೇ ಇದ್ದವು. ಆದರೆ ಹೋಸ್ಟ್ ಕಡೆ 1 ಜಿಬಿ ನಮೂದೇ ಇರಲಿಲ್ಲವಾದ್ದರಿಂದ, ಆ ವಲಯದ ಯಾವ ಪೇಜ್ ಮುಟ್ಟಿದರೂ ಮತ್ತೊಂದು ಸಿಗ್‌ಬಸ್, ಮತ್ತೊಂದು ಮಷಿನ್ ಚೆಕ್. ಕೆಲವು ಅಪ್ಲಿಕೇಶನ್‌ಗಳು ಒಂದರ ಹಿಂದೆ ಒಂದು ಸತ್ತವು. ಕೊನೆಗೆ ಗೆಸ್ಟ್ ಕರ್ನೆಲ್‌ನ ಸ್ವಂತ ಪೇಜ್ ಒಂದರ ಸರದಿ ಬಂತು. ಇನ್ನೊಂದು ಅಪಾಯವೂ ಇದೆ: ಹಿಂದಿನ ಮಷಿನ್ ಚೆಕ್ ಅನ್ನು ಗೆಸ್ಟ್ ಇನ್ನೂ ನಿಭಾಯಿಸುತ್ತಿರುವಾಗಲೇ ಮುಂದಿನದು ಬಂದರೆ, ನಿಜವಾದ ಪ್ರೊಸೆಸರ್‌ನ ನಡವಳಿಕೆಯನ್ನೇ ಅನುಸರಿಸಿ ಕ್ಯೂಎಮು ಅದನ್ನು ಟ್ರಿಪಲ್ ಫಾಲ್ಟ್ (ಪ್ರೊಸೆಸರ್ ಚೇತರಿಸಿಕೊಳ್ಳಲಾಗದ ದೋಷ) ಎಂದು ಪರಿಗಣಿಸಿ ಗೆಸ್ಟ್ ಅನ್ನು ರೀಸೆಟ್ ಮಾಡುತ್ತದೆ. 1 ಜಿಬಿಯಷ್ಟು ಅಗಲದ ಗುಂಡಿಯನ್ನು ಓಡುವ ಗೆಸ್ಟ್ ಬಹಳ ಹೊತ್ತು ತಪ್ಪಿಸಿಕೊಂಡಿರಲಾರದು.

ಮೆಮೊರಿಯ ಲೆಕ್ಕ ತೋರಿಸುವ ಮೆಮ್‌ಇನ್ಫೋದಲ್ಲಿ ಹಾರ್ಡ್‌ವೇರ್ ಕರಪ್ಟೆಡ್ ಎದುರು 4 ಕೆಬಿ ಎಂದಷ್ಟೇ ಇದೆ. ನಿಮ್ಮ ಮಾತು ಅತಿಶಯವಲ್ಲವೇ?

ಅಲ್ಲ. ಹೊಸ ಕರ್ನೆಲ್‌ಗಳಲ್ಲಿ ಆ ಸಾಲು ಎಣಿಸುವುದು ನಿಜವಾಗಿ ಕೆಟ್ಟ ಸಣ್ಣ ಪೇಜ್‌ಗಳನ್ನು. ಅವುಗಳಿಂದಾಗಿ ಕೈಗೆ ಸಿಗದಂತಾದ ಜಾಗವನ್ನಲ್ಲ. 4 ಕೆಬಿ ಎಂದು ಓದಿ ಸಮಾಧಾನಪಟ್ಟುಕೊಳ್ಳುವ ಮೊದಲು ಆ ವಿಳಾಸ ಯಾವ ಅಳತೆಯ ಪೇಜ್‌ನೊಳಗೆ ಬೀಳುತ್ತದೆ ಎಂದು ನೋಡಬೇಕು.

ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜ್ ಬಳಸಿದರೆ ಈ ತೊಂದರೆ ಇದೆಯೇ?

ಬಹುಮಟ್ಟಿಗೆ ಇಲ್ಲ, ಮತ್ತು ಹೆಚ್ಚಿನವರಿಗೆ ನಾವು ಅದನ್ನೇ ಸೂಚಿಸುವುದು. ಇವು ಮುಂಗಡ ಕಾದಿರಿಸಿದ ಪೇಜ್‌ಗಳಲ್ಲ. ಕರ್ನೆಲ್ ಅನುಕೂಲ ಕಂಡಾಗ ತಾನೇ 512 ಸಣ್ಣ ಪೇಜ್‌ಗಳನ್ನು ಕೂಡಿಸಿ 2 ಎಂಬಿ ಮಾಡುತ್ತದೆ, ಬೇಕಾದಾಗ ಒಡೆಯುತ್ತದೆ. ದೋಷ ಸಿಕ್ಕಾಗ ಮೊದಲು ಪೋಡಿ, ಆಮೇಲೆ ಜಪ್ತಿ: 2 ಎಂಬಿಯನ್ನು 512 ತುಂಡು ಮಾಡಿ, ಕೆಟ್ಟ ಒಂದನ್ನು ಹಿಡಿದಿಟ್ಟು, ಉಳಿದ 511ನ್ನು ಗೆಸ್ಟ್‌ಗೆ ಬಿಟ್ಟುಕೊಡುತ್ತದೆ. ಒಡೆದ ಮೇಲೆ ಆ ಭಾಗದಲ್ಲಿ ವೇಗ ಸ್ವಲ್ಪ ಕುಗ್ಗುತ್ತದೆ, ಅಷ್ಟೇ.

ಒಂದು ಅಪವಾದವನ್ನು ಮಾತ್ರ ಮರೆಯಬಾರದು. ಗೆಸ್ಟ್‌ಗೆ ನೆಟ್‌ವರ್ಕ್ ಕಾರ್ಡ್ ಅಥವಾ ಜಿಪಿಯು ನೇರವಾಗಿ ಕೊಟ್ಟಿದ್ದರೆ, ಆ ಸಾಧನ ಯಾವಾಗ ಬೇಕಾದರೂ ಬರೆಯಬಹುದೆಂಬ ಕಾರಣಕ್ಕೆ ಗೆಸ್ಟ್‌ನ ಮೆಮೊರಿಯನ್ನೆಲ್ಲ ಮೊಳೆ ಹೊಡೆದಂತೆ ಒಂದೆಡೆ ಕಟ್ಟಿಹಾಕಲಾಗುತ್ತದೆ. ಹಾಗೆ ಕಟ್ಟಿಹಾಕಿದ ಪೇಜ್ ಅನ್ನು ಒಡೆಯಲು ಕರ್ನೆಲ್‌ಗೆ ಆಗುವುದಿಲ್ಲ. ಒಡೆಯಲಾಗದೆ ಹೋದರೆ ಟ್ರಾನ್ಸ್‌ಪರೆಂಟ್ ಪೇಜ್‌ನ ಈ ದೊಡ್ಡ ಅನುಕೂಲ ಸಿಗುವುದಿಲ್ಲ.

ಗೆಸ್ಟ್ ಅನ್ನು ರೀಬೂಟ್ ಮಾಡಿದರೆ ಸರಿಹೋಗುತ್ತದೆಯೇ?

ಗೆಸ್ಟ್‌ನೊಳಗಿಂದ ರೀಬೂಟ್ ಕೊಟ್ಟರೆ ಹೋಸ್ಟ್‌ನಲ್ಲಿ ಕ್ಯೂಎಮು ಪ್ರಕ್ರಿಯೆ ಹಾಗೆಯೇ ಉಳಿದಿರುತ್ತದೆ, ಅದರ ಕೈಯಲ್ಲಿರುವ ಮೆಮೊರಿಯೂ ಅದೇ. ಕೆಟ್ಟ ಜಾಗಗಳ ಪಟ್ಟಿಯೊಂದನ್ನು ಇಟ್ಟುಕೊಂಡು ರೀಸೆಟ್ ಸಮಯದಲ್ಲಿ ಅವುಗಳ ಬದಲಿಗೆ ಹೊಸ ಮೆಮೊರಿಯನ್ನು ಜೋಡಿಸುವ ಯತ್ನವನ್ನು ಕ್ಯೂಎಮು ಮಾಡುತ್ತದೆ, ನಿಜ. ಆದರೆ ಹಳೆಯ ಆವೃತ್ತಿಗಳು ಇದನ್ನು 4 ಕೆಬಿ ಲೆಕ್ಕದಲ್ಲಿಯೇ ಮಾಡಲು ಹೋಗಿ, ಹ್ಯೂಜ್‌ಟಿಎಲ್‌ಬಿ ಪೇಜ್‌ಗಳ ವಿಷಯದಲ್ಲಿ ಸೋಲುತ್ತಿದ್ದವು. ಇತ್ತೀಚಿನ ಆವೃತ್ತಿಗಳಲ್ಲಿ ಪೂರ್ತಿ ದೊಡ್ಡ ಪೇಜ್ ಅನ್ನೇ ಬದಲಿಸುವ ತಿದ್ದುಪಡಿ ಬಂದಿದೆ. ನಿಮ್ಮಲ್ಲಿ ಯಾವ ಆವೃತ್ತಿ ಇದೆ ಎಂಬ ಖಾತ್ರಿ ಇಲ್ಲದಿದ್ದರೆ ರೀಬೂಟ್ ಬೇಡ. ಗೆಸ್ಟ್ ಅನ್ನು ಪೂರ್ತಿ ಶಟ್‌ಡೌನ್ ಮಾಡಿ, ಹೋಸ್ಟ್‌ನಲ್ಲಿ ಆ ಪ್ರಕ್ರಿಯೆ ಇಲ್ಲವಾಗಿದೆ ಎಂದು ನೋಡಿ, ಮತ್ತೆ ಶುರುಮಾಡಿ.

ಶುರುಮಾಡುವಾಗ ಕಾದಿರಿಸಿದ ಹ್ಯೂಜ್ ಪೇಜ್‌ಗಳ ಎಣಿಕೆಯನ್ನೂ ನೋಡಿ. ಎಷ್ಟು ಬೇಕೋ ಅಷ್ಟೇ ಕಾದಿರಿಸಿ ಒಂದೂ ಹೆಚ್ಚುವರಿ ಇಟ್ಟುಕೊಳ್ಳದವರಿಗೆ, ಒಂದು ಪೇಜ್ ಹೋದ ಮೇಲೆ ಮೆಮೊರಿ ಸಾಲದೆ ಗೆಸ್ಟ್ ಏಳುವುದೇ ಇಲ್ಲ. ನಾವು ಈಗ ಪ್ರತಿ ಹೋಸ್ಟ್‌ನಲ್ಲಿಯೂ ಒಂದೆರಡು ಪೇಜ್ ಹೆಚ್ಚಿಗೆ ಇಡುತ್ತೇವೆ.

ದೋಷ ಬಂದ ಗೆಸ್ಟ್ ಅನ್ನು ಬೇರೆ ಹೋಸ್ಟ್‌ಗೆ ಲೈವ್ ಮೈಗ್ರೇಟ್ (ನಡೆಯುತ್ತಿರುವಾಗಲೇ ಸಾಗಿಸುವುದು) ಮಾಡಬಹುದೇ?

ತಿದ್ದಲಾಗದ ದೋಷ ಬಂದ ಮೇಲೆ ಹೊರಟರೆ ತಡವಾಯಿತೆಂದೇ ತಿಳಿಯಬೇಕು. ಮೈಗ್ರೇಟ್ ಮಾಡುವುದೆಂದರೆ ಕ್ಯೂಎಮು ತಾನೇ ಗೆಸ್ಟ್‌ನ ಪ್ರತಿ ಪೇಜ್ ಅನ್ನು ಓದಿ ಕಳುಹಿಸುವುದು. ವಿಷದ ಪೇಜ್ ಅನ್ನು ಓದಲು ಹೋದಾಗ ಸಿಗ್‌ಬಸ್ ಬಂದು ಕ್ಯೂಎಮುವೇ ಸಾಯುತ್ತಿತ್ತು. ಹೀಗಾಗಿ ಗೆಸ್ಟ್‌ನಲ್ಲಿ ವಿಷದ ಪೇಜ್ ಇದ್ದರೆ ಈಚಿನ ಆವೃತ್ತಿಗಳು ಮೈಗ್ರೇಶನ್ ಅನ್ನೇ ನಿರಾಕರಿಸುತ್ತವೆ. ಗೊಣಗಬೇಡಿ, ಆ ನಿರಾಕರಣೆ ನಿಮ್ಮ ಒಳ್ಳೆಯದಕ್ಕೇ ಇದೆ. ಆಚೆ ತುದಿಯಲ್ಲಿ ಚೆನ್ನಾಗಿರುವ ಮೆಮೊರಿಯಲ್ಲಿಯೂ ಇದು ವಿಷದ ಜಾಗವೆಂಬ ಗುರುತನ್ನು ಉಳಿಸಿಕೊಳ್ಳುವ ಸೌಲಭ್ಯ ಕರ್ನೆಲ್ 6.6ರಲ್ಲಿ ಯೂಸರ್‌ಫಾಲ್ಟ್‌ಎಫ್‌ಡಿ ಎಂಬ ಕರೆಯ ಮೂಲಕ ಬಂದಿದೆ. ಅದು ಇಲ್ಲದಿದ್ದರೆ ಕಳೆದುಹೋದ ಮಾಹಿತಿಯ ಜಾಗದಲ್ಲಿ ಸೊನ್ನೆಗಳು ಬಂದು ಕೂರುತ್ತವೆ, ಗೆಸ್ಟ್ ಅವನ್ನೇ ಸತ್ಯವೆಂದು ಓದುತ್ತದೆ.

ಮೈಗ್ರೇಟ್ ಮಾಡಲು ಸರಿಯಾದ ಹೊತ್ತು, ತಿದ್ದಿಕೊಂಡ ದೋಷಗಳ ಎಣಿಕೆ ಏರತೊಡಗಿದಾಗ.

ಸೊನ್ನೆಗಳ ಮಾತು ಬಂತು. ಸದ್ದಿಲ್ಲದೆ ಮಾಹಿತಿ ಕೆಡುವ ಸಾಧ್ಯತೆ ಹ್ಯೂಜ್ ಪೇಜ್‌ಗಳಲ್ಲಿ ಇದೆಯೇ?

ಹಿಂದೆ ಇತ್ತು. ಹ್ಯೂಜ್‌ಟಿಎಲ್‌ಬಿ ಫೈಲ್‌ಗೆ ಸೇರಿದ ಪೇಜ್ ಕೆಟ್ಟಾಗ ಕರ್ನೆಲ್ ಅದನ್ನು ಫೈಲ್‌ನ ಪೇಜ್‌ಗಳನ್ನು ಇಟ್ಟುಕೊಳ್ಳುವ ಪೇಜ್ ಕ್ಯಾಶ್‌ನಿಂದ ತೆಗೆದುಹಾಕುತ್ತಿತ್ತು. ಅದೇ ಜಾಗವನ್ನು ಮತ್ತೆ ಮುಟ್ಟಿದವರಿಗೆ ದೋಷದ ಸಂಕೇತ ಸಿಗುವ ಬದಲು ಹೊಚ್ಚಹೊಸ, ಸೊನ್ನೆ ತುಂಬಿದ ಪೇಜ್ ಸಿಗುತ್ತಿತ್ತು. ಲೆಕ್ಕದ ಪುಸ್ತಕದ ಹರಿದ ಹಾಳೆಯ ಜಾಗದಲ್ಲಿ ಖಾಲಿ ಹಾಳೆ ಅಂಟಿಸಿ ಇಲ್ಲಿ ವ್ಯವಹಾರವೇ ನಡೆದಿಲ್ಲ ಎಂದಂತೆ. ಈಗ ಕೆಟ್ಟ ಪೇಜ್ ಕ್ಯಾಶ್‌ನಲ್ಲಿಯೇ ಉಳಿಯುತ್ತದೆ, ಮುಟ್ಟಿದವರಿಗೆ ಪ್ರತಿ ಸಲವೂ ದೋಷದ ಸಂಕೇತ ಹೋಗುತ್ತದೆ. ಗೆಸ್ಟ್ ಬೀಳುವುದು ಕಿರಿಕಿರಿ. ತಪ್ಪು ಲೆಕ್ಕದೊಂದಿಗೆ ನಡೆಯುತ್ತಲೇ ಇರುವುದು ಅದಕ್ಕಿಂತ ಘೋರ.

ಹಳೆಯ ಕರ್ನೆಲ್ ಇಟ್ಟುಕೊಂಡಿರುವವರಿಗೆ ಇನ್ನೊಂದು ಮಾತು: 1 ಜಿಬಿ ಪೇಜ್‌ಗಳ ಮಟ್ಟಿಗೆ ದೋಷ ನಿಭಾವಣೆಯನ್ನು ಕರ್ನೆಲ್‌ನಲ್ಲಿ ಕೆಲವು ವರ್ಷ ಬೇಕೆಂದೇ ಮುಚ್ಚಿಡಲಾಗಿತ್ತು, 2022ರ 6.0 ಆವೃತ್ತಿಯಲ್ಲಿ ಮತ್ತೆ ತೆರೆಯಲಾಯಿತು.

ತಿದ್ದಿಕೊಂಡ ದೋಷಗಳು ದಿನಕ್ಕೆ ಹತ್ತಾರು ಬರುತ್ತಿವೆ. ಏನು ಮಾಡಬೇಕು?

ರಾಸ್‌ಡೀಮನ್ ಎಂಬ ಸೇವೆಯನ್ನು ಹೋಸ್ಟ್‌ನಲ್ಲಿ ಚಾಲೂ ಇಟ್ಟರೆ ಯಾವ ಮಾಡ್ಯೂಲ್‌ನಲ್ಲಿ, ಯಾವ ವಿಳಾಸದಲ್ಲಿ, ಎಷ್ಟು ಸಲ ಎಂಬ ದಾಖಲೆ ಸಿಗುತ್ತದೆ. ಒಂದೇ ವಿಳಾಸ ಪದೇ ಪದೇ ಬರುತ್ತಿದ್ದರೆ ಆ ಜಾಗ ಸವೆಯುತ್ತಿದೆ. ಬೇರೆ ಬೇರೆ ವಿಳಾಸಗಳು ಒಂದೇ ಮಾಡ್ಯೂಲ್‌ನಿಂದ ಬರುತ್ತಿದ್ದರೆ ಮಾಡ್ಯೂಲ್ ಅಥವಾ ಅದರ ಸ್ಲಾಟ್ ಸಂಶಯಾಸ್ಪದ.

ಸಾಫ್ಟ್ ಆಫ್‌ಲೈನ್ ಎಂಬ ಉಪಾಯವೂ ಇದೆ: ಮಾಹಿತಿ ಇನ್ನೂ ಓದಲು ಬರುತ್ತಿರುವಾಗಲೇ ಅದನ್ನು ಬೇರೆ ಪೇಜ್‌ಗೆ ಸಾಗಿಸಿ, ಸಂಶಯದ ಪೇಜ್ ಅನ್ನು ಬಳಕೆಯಿಂದ ತೆಗೆಯುವುದು. ಪ್ರಕ್ರಿಯೆ ಸಾಯುವುದಿಲ್ಲ, ಗೆಸ್ಟ್‌ಗೆ ಗೊತ್ತೂ ಆಗುವುದಿಲ್ಲ. ಸಣ್ಣ ಪೇಜ್‌ಗಳಲ್ಲಿ ಇದು ಬಲು ಸೊಗಸು. ಹ್ಯೂಜ್‌ಟಿಎಲ್‌ಬಿಯಲ್ಲಿ ಮಾತ್ರ ಕೈ ಸುಟ್ಟುಕೊಳ್ಳುವ ಸಂಭವವಿದೆ, ಏಕೆಂದರೆ ಮಾಹಿತಿಯನ್ನು ಸಾಗಿಸಲು ಅಷ್ಟೇ ದೊಡ್ಡ ಖಾಲಿ ಪೇಜ್ ಬೇಕು, ಸಾಗಿಸಿದ ಮೇಲೆ ಹಳೆಯ ದೊಡ್ಡ ಪೇಜ್ ಒಡೆದು ಕೊಳದ ಎಣಿಕೆ ಒಂದು ಕಡಿಮೆಯಾಗುತ್ತದೆ. ಇನ್ನೂ ಕೆಡದಿರುವ 4 ಕೆಬಿಗಾಗಿ ಒಂದು 1 ಜಿಬಿ ಪೇಜ್ ಅನ್ನು ಬಲಿಕೊಡಬೇಕೇ ಎಂಬುದು ನಿಮ್ಮ ತೀರ್ಮಾನ. ಇದನ್ನು ಸಿಸ್ಟಮ್ ಮಟ್ಟದಲ್ಲಿಯೇ ನಿಲ್ಲಿಸುವ ಸೆಟ್ಟಿಂಗ್ ಈಚಿನ ಕರ್ನೆಲ್‌ಗಳಲ್ಲಿ ಬಂದಿರುವುದು ಇಂಥ ಕಾರಣಕ್ಕಾಗಿಯೇ. ನಾವು 1 ಜಿಬಿ ಪೇಜ್ ಇರುವ ಹೋಸ್ಟ್‌ಗಳಲ್ಲಿ ಅದನ್ನು ನಿಲ್ಲಿಸಿ, ಗೆಸ್ಟ್‌ಗಳನ್ನು ಮೈಗ್ರೇಟ್ ಮಾಡಿ, ಮಾಡ್ಯೂಲ್ ಅನ್ನೇ ತೆಗೆಯುತ್ತೇವೆ.

ಅರ್ಲಿ ಕಿಲ್ ಸೆಟ್ಟಿಂಗ್ ಹಾಕಬೇಕೇ?

ಬೇಡ. ದೋಷ ಸಿಕ್ಕ ಕೂಡಲೇ ಆ ಪೇಜ್ ಬಳಸುತ್ತಿರುವ ಎಲ್ಲ ಪ್ರಕ್ರಿಯೆಗಳಿಗೂ ಸಂಕೇತ ಕಳುಹಿಸುವ ಆ ಸೆಟ್ಟಿಂಗ್ ಮೊದಲಿನಿಂದ 0 ಇರುತ್ತದೆ, ಹಾಗೆಯೇ ಇರಲಿ. ತನಗೆ ಮುಂಚಿತವಾಗಿಯೇ ಸುದ್ದಿ ಬೇಕೆಂದು ಕ್ಯೂಎಮು ತಾನೇ ಕರ್ನೆಲ್ ಬಳಿ ಕೇಳಿಕೊಂಡಿರುತ್ತದೆ.

ಗೆಸ್ಟ್‌ಗೆ ನೇರವಾಗಿ ಕೊಟ್ಟ ಜಿಪಿಯುವಿನ ಮೆಮೊರಿ ಕೆಟ್ಟರೆ?

ಆ ಮೆಮೊರಿ ಕರ್ನೆಲ್‌ನ ಸಾಮಾನ್ಯ ಪುಸ್ತಕದಲ್ಲಿ ಇರುವುದಿಲ್ಲ. ಅದರ ಪೇಜ್‌ಗಳಿಗೆ ಖಾತೆಯೇ ತೆರೆದಿರುವುದಿಲ್ಲವಾದ್ದರಿಂದ ವಿಷದ ಗುರುತನ್ನು ಹಚ್ಚಲು ಜಾಗವಿಲ್ಲ. ಅದನ್ನು ಗೆಸ್ಟ್‌ಗೆ ದೊಡ್ಡ ದೊಡ್ಡ ನಮೂದುಗಳಲ್ಲಿಯೇ ಜೋಡಿಸುವುದು ಈಗ ರೂಢಿಗೆ ಬಂದಿರುವುದರಿಂದ ಇಲ್ಲಿಯೂ ಅಳತೆಯ ಪ್ರಶ್ನೆ ಅದೇ. ಆ ವಲಯದ ದೋಷವನ್ನು ನಿಭಾಯಿಸಲು ಸಾಧನದ ಡ್ರೈವರ್ ಸಹಕರಿಸಬೇಕು. ಜಿಪಿಯು ಇರುವ ಹೋಸ್ಟ್ ಕೊಳ್ಳುವವರು ಮಾರುವವರಿಗೆ ಈ ಪ್ರಶ್ನೆಯನ್ನು ಲಿಖಿತವಾಗಿ ಕೇಳಿ, ಲಿಖಿತವಾಗಿಯೇ ಉತ್ತರ ಪಡೆಯುವುದು ಲೇಸು.

ನಿಜವಾದ ದೋಷ ಬರುವವರೆಗೆ ಕಾಯದೆ ಇದನ್ನು ಪರೀಕ್ಷಿಸಿ ನೋಡಬಹುದೇ?

ನೋಡಬಹುದು, ನೋಡಲೇಬೇಕು. ಧಾರವಾಡದ ವಿದ್ಯಾರ್ಥಿಗಳು ಬಂದಾಗ ನಾವು ತೋರಿಸುವ ಪ್ರಯೋಗ ಹೀಗಿದೆ. ಯಾರ ಕೆಲಸವೂ ನಡೆಯದ ಒಂದು ಹೋಸ್ಟ್‌ನಲ್ಲಿ ಹ್ಯೂಜ್‌ಟಿಎಲ್‌ಬಿಯಿಂದ 2 ಎಂಬಿ ಪೇಜ್ ಒಂದನ್ನು ಪಡೆದು, ಅದರ 512 ಚೂರುಗಳಲ್ಲಿಯೂ ಏನಾದರೊಂದು ಬರೆಯುವ ಇಪ್ಪತ್ತು ಸಾಲಿನ ಸಿ ಪ್ರೋಗ್ರಾಂ ಬರೆಸುತ್ತೇವೆ. ಆಮೇಲೆ ರೂಟ್ ಅಧಿಕಾರದಿಂದ, ಅದರ ನಡುವಿನ ಒಂದು 4 ಕೆಬಿಗೆ ಮಾತ್ರ, ಮೆಮೊರಿಯ ಬಗ್ಗೆ ಕರ್ನೆಲ್‌ಗೆ ಸೂಚನೆ ಕೊಡುವ ಎಂಅಡ್ವೈಸ್ ಕರೆಯ ಎಚ್‌ಡಬ್ಲ್ಯೂಪಾಯ್ಸನ್ ಆಯ್ಕೆಯನ್ನು ಪ್ರಯೋಗಿಸುತ್ತೇವೆ. ಈಗ ಮೊದಲನೆಯ ಚೂರನ್ನು ಓದಿ ಎನ್ನುತ್ತೇವೆ, ವಿಷ ಹಾಕಿದ್ದು ಅದಕ್ಕಲ್ಲ ಎಂದು ನೆನಪಿಸಿಯೇ. ಓದಿದ ಕೂಡಲೇ ಸಿಗ್‌ಬಸ್. ಸಂಕೇತದೊಳಗಿನ ಆ ಸಣ್ಣ ಸಂಖ್ಯೆಯನ್ನು ಮುದ್ರಿಸಿದರೆ 21. ಅದೇ ಪ್ರೋಗ್ರಾಂ ಅನ್ನು ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜ್ ಮೇಲೆ ನಡೆಸಿದರೆ ಮೊದಲ ಚೂರು ಆರಾಮಾಗಿ ಓದಲು ಬರುತ್ತದೆ, ವಿಷ ಹಾಕಿದ ಚೂರಿನಲ್ಲಿ ಮಾತ್ರ ಸಂಕೇತ, ಸಂಖ್ಯೆ 12. ನಾವು ಅರ್ಧ ಗಂಟೆ ಮಾತಾಡುವುದಕ್ಕಿಂತ ಈ ಎರಡು ಸಂಖ್ಯೆಗಳು ಬೇಗ ತಲೆಗೆ ಹತ್ತುತ್ತವೆ.

ಭೌತಿಕ ವಿಳಾಸ ಗೊತ್ತಿದ್ದರೆ, ಕರ್ನೆಲ್‌ನ ಸೆಟ್ಟಿಂಗ್‌ಗಳನ್ನು ಫೈಲ್‌ಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನ ಹಾರ್ಡ್ ಆಫ್‌ಲೈನ್ ಪೇಜ್ ಎಂಬ ಫೈಲ್‌ಗೆ ಅದನ್ನು ಬರೆದೂ ಇದೇ ಪರಿಣಾಮ ಪಡೆಯಬಹುದು. ಹೀಗೆ ಕೃತಕವಾಗಿ ಹಾಕಿದ ವಿಷವನ್ನು, ಪರೀಕ್ಷೆಗೆಂದಿರುವ ಅಂಥದೇ ಡೀಬಗ್‌ಎಫ್‌ಎಸ್ ಮೂಲಕ ಹಿಂತೆಗೆದುಕೊಳ್ಳುವ ದಾರಿ ಇದೆ. ಆದರೆ ಆ ಯಂತ್ರದಲ್ಲಿ ನಿಜವಾದ ದೋಷ ಒಮ್ಮೆ ಕಾಣಿಸಿಕೊಂಡಿದ್ದರೆ ಹೊಸ ಕರ್ನೆಲ್‌ಗಳು ಹಿಂತೆಗೆಯಲು ಬಿಡುವುದಿಲ್ಲ. ಗಿರಾಕಿಯ ಯಂತ್ರದಲ್ಲಿ ಈ ಪ್ರಯೋಗ ಮಾಡಬೇಡಿ.

ಬೇಸಿಗೆಯ ಬಿಸಿಲಿಗೂ ಧೂಳಿಗೂ ಇದಕ್ಕೂ ಸಂಬಂಧವಿದೆಯೇ?

ಇದೆ. ಡಿಡಿಆರ್4 ಚಿಪ್ಪುಗಳಲ್ಲಿ ಬಿಟ್‌ಗಳು ಸೋರುವ ಮೊದಲು ಅವನ್ನು ಮತ್ತೆ ತುಂಬುವ ಆದೇಶ ಸಾಮಾನ್ಯವಾಗಿ 7.8 ಮೈಕ್ರೊಸೆಕೆಂಡಿಗೊಮ್ಮೆ ಹೋಗುತ್ತದೆ. ಚಿಪ್ಪಿನ ಉಷ್ಣತೆ 85 ಡಿಗ್ರಿ ದಾಟಿದರೆ ಅದನ್ನು 3.9ಕ್ಕೆ ಇಳಿಸಬೇಕೆಂಬ ನಿಯಮವಿದೆ. ಶಾಖ ಹೆಚ್ಚಾದಂತೆ ಸೋರಿಕೆ ಹೆಚ್ಚುವುದೇ ಅದಕ್ಕೆ ಕಾರಣ. ಏಪ್ರಿಲ್‌ನಲ್ಲಿ ಎಸಿ ಕೆಟ್ಟ ಕೋಣೆಯ ಸರ್ವರ್‌ನಲ್ಲಿ ತಿದ್ದಿಕೊಂಡ ದೋಷಗಳು ಏರಿದರೆ ಆಶ್ಚರ್ಯಪಡಬೇಕಿಲ್ಲ.

ಧೂಳಿನ ಬಗ್ಗೆ ಒಂದು ಅನುಭವ: ಮೆಣಸಿನಕಾಯಿ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದ ಸರ್ವರ್‌ನ ಮುಚ್ಚಳ ತೆಗೆದಾಗ ಫ್ಯಾನಿನ ರೆಕ್ಕೆಗಳು, ಮೆಮೊರಿ ಸ್ಲಾಟ್‌ಗಳ ಸಂದು, ಎಲ್ಲ ಕೆಂಪಗೆ ಇದ್ದವು. ಬ್ಲೋವರ್ ಹಿಡಿದ ನಮ್ಮ ಹುಡುಗ ಕಾಲು ಗಂಟೆ ಸೀನುತ್ತಲೇ ಇದ್ದ. ಮಾಡ್ಯೂಲ್‌ಗಳನ್ನು ಕಿತ್ತು, ಸ್ವಚ್ಛಮಾಡಿ, ಮತ್ತೆ ಕೂರಿಸಿದ ಮೇಲೆ ಅಲ್ಲಿ ದೋಷಗಳು ನಿಂತವು. ಹೊಸ ಮಾಡ್ಯೂಲ್ ತರಿಸುವ ಮೊದಲು ಇದನ್ನೊಮ್ಮೆ ಮಾಡಿ ನೋಡಿ.

ಕೊನೆಗೂ ಯಾವ ಅಳತೆಯ ಪೇಜ್ ಇಟ್ಟುಕೊಳ್ಳಬೇಕು?

ವೇಗ ಎಷ್ಟು ಬೇಕು ಎಂದು ಕೇಳಿಕೊಳ್ಳುವ ಮೊದಲು, ಒಂದೇ ಏಟಿಗೆ ಎಷ್ಟು ಮೆಮೊರಿ ಕಳೆದುಕೊಂಡರೆ ತಡೆದೀತು ಎಂದು ಕೇಳಿಕೊಳ್ಳಿ. ಕಾಲೇಜು ಲ್ಯಾಬ್, ಕಚೇರಿಯ ಫೈಲ್ ಸರ್ವರ್, ಬಿಲ್ಲಿಂಗ್, ವೆಬ್‌ಸೈಟ್ ಇವುಗಳಿಗೆಲ್ಲ ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜ್ ಸಾಕು. ದೊಡ್ಡ ಡೇಟಾಬೇಸ್ ಇರುವ ಗೆಸ್ಟ್‌ಗೆ ಹ್ಯೂಜ್‌ಟಿಎಲ್‌ಬಿಯ 2 ಎಂಬಿ ಪೇಜ್‌ಗಳು ಒಪ್ಪುತ್ತವೆ. ಹೋದರೆ 2 ಎಂಬಿ ಹೋಗುತ್ತದೆ, ಗೆಸ್ಟ್ ಉಳಿಯುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ. 1 ಜಿಬಿ ಪೇಜ್‌ಗಳನ್ನು ಅಳೆದು ನೋಡಿ ಲಾಭ ಖಚಿತವಾದವರು, ಅದರ ಜೊತೆಗೆ ಗೆಸ್ಟ್ ಬಿದ್ದರೆ ಅದರ ಕೆಲಸ ಹೊರಲು ಇನ್ನೊಂದು ಗೆಸ್ಟ್ ಸಿದ್ಧವಿಟ್ಟವರು ಮಾತ್ರ ಬಳಸಬೇಕೆಂಬುದು ನಮ್ಮ ಅಭಿಪ್ರಾಯ. ಆ ಸುಗ್ಗಿಯ ಮಧ್ಯಾಹ್ನದ ನಂತರ ಲೆಕ್ಕಪತ್ರದ ಗೆಸ್ಟ್ ಅನ್ನು ನಾವು 2 ಎಂಬಿಗೆ ಇಳಿಸಿದೆವು. ನಿಧಾನವಾಯಿತು ಎಂದು ಇಂದಿನವರೆಗೆ ಯಾವ ದಲಾಲರೂ ದೂರಿಲ್ಲ.

ನಿಮಗೆ ಕರೆ ಮಾಡುವ ಮೊದಲು ಏನನ್ನು ಸಿದ್ಧವಾಗಿಟ್ಟುಕೊಳ್ಳಬೇಕು?

ಹೋಸ್ಟ್ ಅನ್ನು ರೀಬೂಟ್ ಮಾಡುವ ಮೊದಲೇ ಕರ್ನೆಲ್ ಲಾಗ್ ಅನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿಟ್ಟುಕೊಳ್ಳಿ, ಕ್ಯೂಎಮುವಿನ ಲಾಗ್ ಅನ್ನೂ. ಕರ್ನೆಲ್ ಮತ್ತು ಕ್ಯೂಎಮು ಆವೃತ್ತಿಗಳು, ಗೆಸ್ಟ್‌ಗೆ ಕೊಟ್ಟ ಪೇಜ್‌ನ ಅಳತೆ, ಮೆಮ್‌ಇನ್ಫೋದ ಹ್ಯೂಜ್ ಪೇಜ್ ಸಾಲುಗಳು, ಗೆಸ್ಟ್‌ಗೆ ಯಾವುದಾದರೂ ಸಾಧನವನ್ನು ನೇರವಾಗಿ ಕೊಟ್ಟಿದ್ದೀರೋ ಇಲ್ಲವೋ, ಇಷ್ಟು ಬರೆದಿಟ್ಟುಕೊಳ್ಳಿ. ಮಾಡ್ಯೂಲ್ ಕಿತ್ತಿದ್ದರೆ ಅದು ಯಾವ ಸ್ಲಾಟ್‌ನಲ್ಲಿತ್ತು ಎಂದು ಅದರ ಮೇಲೆಯೇ ಟೇಪ್ ಅಂಟಿಸಿ ಬರೆಯಿರಿ. ರಾತ್ರಿ ಬಸ್ಸಿಗೆ ಹಾಕಿ ಕಳುಹಿಸಿದ ಪಾರ್ಸೆಲ್‌ನಲ್ಲಿ ಒಂದೇ ಬಗೆಯ ನಾಲ್ಕು ಮಾಡ್ಯೂಲ್‌ಗಳು ಬಂದರೆ ಕೆಟ್ಟದ್ದು ಯಾವುದೆಂದು ಕಂಡುಹಿಡಿಯಲು ನಮಗೆ ಒಂದಿಡೀ ದಿನ ಹಿಡಿಯುತ್ತದೆ.